ಮುಕ್ತ ತಂತ್ರಾಂಶಕ್ಕೆ ತಿದ್ದುಪಡಿ ಸಲ್ಲಿಸುವುದು ಮತ್ತು ಅದರ ಬಿಡುಗಡೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಪಡಿತರ ಚೀಟಿ, ಜನನ ಮತ್ತು ಮರಣ ಪ್ರಮಾಣ ಪತ್ರ ಮುಂತಾದ ಸೇವೆಗಳು ಇಂದು ಗಣಕಯಂತ್ರದ ಮೂಲಕವೇ ದೊರೆಯುತ್ತವೆ. ಇವುಗಳಲ್ಲಿ ಅರ್ಜಿದಾರರ ಹೆಸರು, ತಂದೆಯ ಹೆಸರು ಹಾಗೂ ಗ್ರಾಮದ ಹೆಸರು ಒಂದು ಅಕ್ಷರವೂ ತಪ್ಪದಂತೆ ಇರುವುದು ಅತ್ಯವಶ್ಯಕ. ಒಂದು ಅಕ್ಷರ ವ್ಯತ್ಯಾಸವಾದರೂ ವಿದ್ಯಾರ್ಥಿ ವೇತನ, ಪಿಂಚಣಿ, ಬೆಳೆ ಸಾಲ ಮುಂತಾದ ಅರ್ಜಿಗಳಲ್ಲಿ ದಾಖಲೆಗಳು ಪರಸ್ಪರ ತಾಳೆಯಾಗದೆ ಅರ್ಜಿದಾರರು ಕಚೇರಿಗೆ ಪದೇ ಪದೇ ಅಲೆಯಬೇಕಾಗುತ್ತದೆ.

ಇಂತಹ ವ್ಯತ್ಯಾಸಕ್ಕೆ ನಮೂದು ಮಾಡಿದವರ ಕೈತಪ್ಪೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಹಲವು ಪ್ರಕರಣಗಳಲ್ಲಿ ಅದು ನಿಜ. ಆದರೆ ಕೆಲವು ಪ್ರಕರಣಗಳಲ್ಲಿ ದೋಷವು ಅಕ್ಷರಶೈಲಿಯಲ್ಲಿ, ಅಕ್ಷರ ಜೋಡಿಸುವ ತಂತ್ರಾಂಶದಲ್ಲಿ ಅಥವಾ ಹೆಸರುಗಳನ್ನು ಹೋಲಿಸುವ ಕ್ರಮದಲ್ಲಿ ಇರುತ್ತದೆ. ಅಂತಹ ದೋಷವನ್ನು ಒಂದು ಪ್ರಮಾಣ ಪತ್ರದಲ್ಲಿ ಮಾತ್ರ ಸರಿಪಡಿಸಿದರೆ ಮುಂದಿನ ಅರ್ಜಿದಾರರಿಗೆ ಅದೇ ತೊಂದರೆ ಮರುಕಳಿಸುತ್ತದೆ. ಮೂಲದಲ್ಲಿಯೇ ಸರಿಪಡಿಸಿದಲ್ಲಿ ಎಲ್ಲರಿಗೂ ಪರಿಹಾರ ದೊರೆಯುತ್ತದೆ.

ಕನ್ನಡವನ್ನು ಗಣಕದಲ್ಲಿ ಮೂಡಿಸುವ ತಂತ್ರಾಂಶಗಳ ಬಹುಭಾಗವು ಇಂದು ಮುಕ್ತ ತಂತ್ರಾಂಶವಾಗಿರುವುದರಿಂದ ಅದರ ದೋಷವನ್ನು ವರದಿ ಮಾಡಲು ಹಾಗೂ ತಿದ್ದುಪಡಿಯನ್ನು ಸಲ್ಲಿಸಲು ಯಾವುದೇ ನಾಗರಿಕರಿಗೆ ಅವಕಾಶವಿದೆ. ಈ ಕೆಲಸವು ದಾಖಲಿಸುವುದು, ಪರಿಶೀಲಿಸುವುದು, ಬಿಡುಗಡೆ ಮಾಡುವುದು ಹಾಗೂ ಬಳಕೆದಾರರಿಗೆ ತಲುಪಿಸುವುದು ಎಂಬ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ತಿದ್ದುಪಡಿಯ ಫಲವು ಅರ್ಜಿದಾರರಿಗೆ ದೊರೆಯುವುದಿಲ್ಲ.

2. ಮುಕ್ತ ತಂತ್ರಾಂಶ ಎಂದರೇನು?

ಯಾವ ತಂತ್ರಾಂಶದ ಆಕರ ಸಂಕೇತವು, ಅಂದರೆ ಅದನ್ನು ಬರೆಯಲಾದ ಮೂಲ ಪಠ್ಯವು, ಎಲ್ಲರಿಗೂ ಲಭ್ಯವಿದ್ದು, ಅದನ್ನು ಬಳಸಲು, ಅಧ್ಯಯನ ಮಾಡಲು, ತಿದ್ದಲು ಹಾಗೂ ತಿದ್ದಿದ ಪ್ರತಿಯನ್ನು ಹಂಚಲು ಪರವಾನಗಿಯ ಮೂಲಕ ಅನುಮತಿ ನೀಡಲಾಗಿದೆಯೋ ಅದು ಮುಕ್ತ ತಂತ್ರಾಂಶ. ತಪಾಸಣೆಗೆ ಸದಾ ತೆರೆದಿಟ್ಟ ಲೆಕ್ಕದ ಪುಸ್ತಕಕ್ಕೆ ಇದನ್ನು ಹೋಲಿಸಬಹುದು. ಯಾರು, ಯಾವ ದಿನ, ಯಾವ ಸಾಲನ್ನು, ಯಾವ ಕಾರಣಕ್ಕಾಗಿ ಬದಲಾಯಿಸಿದರೆಂಬುದು ಅದರಲ್ಲಿ ಕಾಣುತ್ತದೆ.

ಉಚಿತವಾಗಿ ದೊರೆಯುವ ತಂತ್ರಾಂಶವೆಲ್ಲವೂ ಮುಕ್ತವಲ್ಲವೆಂಬುದನ್ನು ಗಮನಿಸಬೇಕು. ಹಣ ಪಡೆಯದೆ ನೀಡಿದರೂ ಆಕರ ಸಂಕೇತವನ್ನು ನೀಡದಿದ್ದಲ್ಲಿ ಬಳಕೆದಾರರು ಅದನ್ನು ತಿದ್ದಲಾರರು. ಅಂತೆಯೇ ಮುಕ್ತ ತಂತ್ರಾಂಶವನ್ನು ಬೆಲೆಗೆ ಮಾರುವುದಕ್ಕೂ ಅಡ್ಡಿಯಿಲ್ಲ.

ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಲೈನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸ್ ಕರ್ನೆಲ್ಲನ್ನು ಹೊರತಂದರು. ಇಂದು ಬಳಕೆಯಲ್ಲಿರುವ ಪರವಾನಗಿಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ.

(ಅ) ಗ್ನೂ ಸಾರ್ವಜನಿಕ ಪರವಾನಗಿ: ತಿದ್ದಿದ ತಂತ್ರಾಂಶವನ್ನು ಹಂಚುವವರು ಅದರ ಆಕರ ಸಂಕೇತವನ್ನೂ ಅದೇ ಪರವಾನಗಿಯಡಿ ನೀಡಬೇಕು. ಇದರ ಎರಡನೇ ಆವೃತ್ತಿ 1991ರಲ್ಲಿ, ಮೂರನೇ ಆವೃತ್ತಿ 2007ರಲ್ಲಿ ಪ್ರಕಟವಾದವು.

(ಆ) ಎಂಐಟಿ ಹಾಗೂ ಅಪಾಚೆ ಪರವಾನಗಿಗಳು: ಮೂಲ ಕರ್ತೃವಿನ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡಲ್ಲಿ ಬಳಕೆಗೆ ಹೆಚ್ಚಿನ ನಿರ್ಬಂಧವಿರುವುದಿಲ್ಲ.

(ಇ) ಓಪನ್ ಫಾಂಟ್ ಪರವಾನಗಿ: ಅಕ್ಷರಶೈಲಿಗಳಿಗೆಂದೇ ರೂಪಿಸಲಾದುದು. ಲೋಹಿತ್ ಅಕ್ಷರಶೈಲಿಗಳು 2011ರಲ್ಲಿ ಈ ಪರವಾನಗಿಗೆ ಬದಲಾದವು.

ಭಾರತದ ಹಕ್ಕುಸ್ವಾಮ್ಯ ಅಧಿನಿಯಮ, 1957ರ ಅನ್ವಯ ಗಣಕ ಕಾರ್ಯಕ್ರಮವನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಪರವಾನಗಿಯಿಲ್ಲದ ಆಕರ ಸಂಕೇತವು ಅಂತರಜಾಲದಲ್ಲಿ ಕಂಡಿತೆಂಬ ಕಾರಣಕ್ಕೆ ಅದನ್ನು ತಿದ್ದಿ ಹಂಚಲು ಹಕ್ಕು ಲಭಿಸುವುದಿಲ್ಲ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶದ ಅಳವಡಿಕೆ ಕುರಿತ ನೀತಿಯನ್ನು ಹೊರಡಿಸಿ, ಇ-ಆಡಳಿತ ಯೋಜನೆಗಳಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸುವಂತೆಯೂ, ಕೈಬಿಟ್ಟಲ್ಲಿ ಅದಕ್ಕೆ ಕಾರಣ ನೀಡುವಂತೆಯೂ ತಿಳಿಸಿದೆ. ಸರ್ಕಾರಿ ತಂತ್ರಾಂಶಗಳ ಆಕರ ಸಂಕೇತವನ್ನು ತೆರೆದಿಡುವ ಕುರಿತ ನೀತಿಯೂ ಅದೇ ವರ್ಷ ಪ್ರಕಟವಾಯಿತು. ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಆಕರ ಸಂಕೇತವನ್ನು 2020ರ ಮೇ ತಿಂಗಳಲ್ಲಿ ಬಹಿರಂಗಪಡಿಸಲಾಯಿತು. ಆದಾಗ್ಯೂ ಸರ್ಕಾರಿ ಸೇವೆಗಳ ಎಲ್ಲ ತಂತ್ರಾಂಶಗಳೂ ಮುಕ್ತವಾಗಿಲ್ಲ. ಅವು ಬಳಸುವ ಅಕ್ಷರಶೈಲಿ, ಅಕ್ಷರ ಜೋಡಣೆ ಹಾಗೂ ದತ್ತಸಂಚಯ ಮುಂತಾದ ತಳಹದಿಯ ಭಾಗಗಳು ಅನೇಕ ವೇಳೆ ಮುಕ್ತವಾಗಿರುತ್ತವೆ.

3. ಗಣಕದಲ್ಲಿ ಕನ್ನಡ ಅಕ್ಷರ ಮೂಡುವ ಬಗೆ

ದೋಷದ ಮೂಲವನ್ನು ತಿಳಿಯಬೇಕಾದರೆ ಅಕ್ಷರವು ತೆರೆಯ ಮೇಲೆ ಮೂಡುವ ಕ್ರಮವನ್ನು ಅರಿತಿರಬೇಕು.

ಹಿಂದೆ ಕನ್ನಡ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರಶೈಲಿಗೆ ಅನುಗುಣವಾದ ಪ್ರತ್ಯೇಕ ಸಂಕೇತಗಳಲ್ಲಿ ಪಠ್ಯವನ್ನು ಉಳಿಸುತ್ತಿದ್ದವು. ಅಂತಹ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಆರಂಭದ ಆವೃತ್ತಿಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಬೇಕಾಗುವುದು ಇದೇ ಕಾರಣದಿಂದ. ಈ ಪರಿವರ್ತಕಗಳಲ್ಲಿ ಕೆಲವನ್ನು ಸ್ವಯಂಸೇವಕರು ಮುಕ್ತ ತಂತ್ರಾಂಶವಾಗಿಯೇ ರೂಪಿಸಿದ್ದಾರೆ.

ಯುನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವನ್ನು ಮೀಸಲಿಡಲಾಗಿದೆ. ಇದರಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ ಹಾಗೂ ಅಂಕಿಗಳಿಗೆ ಸಂಕೇತವಿದೆಯೇ ಹೊರತು ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ಎರಡು ವ್ಯಂಜನಗಳ ನಡುವೆ ವಿರಾಮ ಚಿಹ್ನೆಯನ್ನಿಟ್ಟು ಒತ್ತಕ್ಷರವನ್ನು ಸೂಚಿಸಲಾಗುತ್ತದೆ.

ಯಾದಗಿರಿ ತಾಲ್ಲೂಕಿನ, ವಿಶ್ವಾರಾಧ್ಯರ ಮಠದಿಂದ ಪರಿಚಿತವಾದ ಅಬ್ಬೆತುಮಕೂರು ಗ್ರಾಮದ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಓದುವವರಿಗೆ ಇದರಲ್ಲಿ ಅ, ಬ್ಬೆ, ತು, ಮ, ಕೂ, ರು ಎಂಬ 6 ಅಕ್ಷರಗಳಿವೆ. ಗಣಕಕ್ಕೆ ಇವು 12 ಸಂಕೇತಗಳು. ಸಾಮಾನ್ಯ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಈ ಒಂದು ಹೆಸರಿಗೆ 36 ಬೈಟ್ ಸ್ಥಳ ಬೇಕು. ಗ್ರಾಮದ ಹೆಸರಿನ ಅಂಕಣಕ್ಕೆ 30 ಬೈಟ್ ಮಾತ್ರ ಮೀಸಲಿಟ್ಟ ತಂತ್ರಾಂಶವಿದ್ದಲ್ಲಿ ಕೊನೆಯ ‘ರು’ ಕಡಿದುಹೋಗುತ್ತದೆ. ಇದು ನಮೂದು ಮಾಡಿದವರ ತಪ್ಪಲ್ಲ.

ಈ ಸಂಕೇತಗಳನ್ನು ಓದಿ ಒತ್ತು, ಗುಡಿಸು, ಕೊಂಬುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸವನ್ನು ಅಕ್ಷರ ಜೋಡಣೆಯ ತಂತ್ರಾಂಶವು ಮಾಡುತ್ತದೆ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಹಾಗೂ ಲಿಬ್ರೆಆಫೀಸ್‌ಗಳಲ್ಲಿ ಈ ಕಾರ್ಯವನ್ನು ನಿರ್ವಹಿಸುತ್ತದೆ. ಅಕ್ಷರದ ಆಕಾರವನ್ನು ಅಕ್ಷರಶೈಲಿಯು ನೀಡುತ್ತದೆ. ಲೋಹಿತ್ ಕನ್ನಡ, ಗುಬ್ಬಿ ಹಾಗೂ ಕೈಬರಹದ ಮಾದರಿಯ ನವಿಲು ಇವು ಕನ್ನಡದ ಮುಕ್ತ ಅಕ್ಷರಶೈಲಿಗಳು.

4. ದೋಷದ ಮೂಲವನ್ನು ಗುರುತಿಸುವುದು

ವರದಿ ಸಲ್ಲಿಸುವ ಮುನ್ನ ದೋಷವು ಈ ಕೆಳಕಂಡವುಗಳಲ್ಲಿ ಯಾವ ಬಗೆಯದೆಂಬುದನ್ನು ಸಾಧ್ಯವಾದಷ್ಟು ಖಚಿತಪಡಿಸಿಕೊಳ್ಳುವುದು ಸೂಕ್ತ.

(ಅ) ಟೈಪ್ ಮಾಡುವಾಗಿನ ದೋಷ: ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಬಳಸುವುದು ಬಹು ಸಾಮಾನ್ಯ. ‘ಲಿಂಗಪ್ಪ’ ಮತ್ತು ‘ಲಿ೦ಗಪ್ಪ’ ಎಂಬಿವು ಕಣ್ಣಿಗೆ ಬಹುತೇಕ ಒಂದೇ ಆಗಿ ಕಂಡರೂ ಎರಡನೆಯದರಲ್ಲಿ ಇರುವುದು ಸೊನ್ನೆ. ಗಣಕವು ಇವನ್ನು ಬೇರೆ ಬೇರೆ ಹೆಸರುಗಳೆಂದು ಪರಿಗಣಿಸುತ್ತದೆ. ಅರ್ಕಾವತ್ತಿನ ಬದಲು ಒಂಬತ್ತು ಅಂಕಿಯನ್ನು ಬಳಸಿ ‘ಸೂರ್ಯ’ ಎಂಬುದನ್ನು ‘ಸೂಯ೯’ ಎಂದು ನಮೂದಿಸುವುದೂ ಇದೇ ಬಗೆಯದು.

(ಆ) ಒಂದೇ ಅಕ್ಷರಕ್ಕೆ ಎರಡು ಸಂಕೇತ ಕ್ರಮಗಳಿರುವುದು: ‘ಭೀಮರಾಯ’ ಎಂಬ ಹೆಸರಿನ ‘ಭೀ’ ಅಕ್ಷರವನ್ನು ಗುಡಿಸಿನ ದೀರ್ಘ ಎಂಬ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಿಂದಲೂ ಬರೆಯಬಹುದು. ಯುನಿಕೋಡ್ ಪ್ರಕಾರ ಇವೆರಡೂ ಸಮಾನ. ಆದರೆ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತಾರದ ತಂತ್ರಾಂಶವು ಇವನ್ನು ಭಿನ್ನವೆಂದು ತಿಳಿಯುತ್ತದೆ. ಏತ್ವದ ದೀರ್ಘ, ಐತ್ವ, ಓತ್ವಗಳಿಗೂ ಇದು ಅನ್ವಯಿಸುತ್ತದೆ.

(ಇ) ಅಕ್ಷರ ಜೋಡಣೆಯ ದೋಷ: ರ, ವಿರಾಮ, ಯ ಎಂಬ ಕ್ರಮವು ಯಕಾರಕ್ಕೆ ಅರ್ಕಾವತ್ತನ್ನು ನೀಡುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಇರುವಂತೆ ರಕಾರಕ್ಕೆ ಯ ಒತ್ತು ಬೇಕಾದಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತವನ್ನು ಇಡಬೇಕೆಂದು ಶಿಷ್ಟತೆ ತಿಳಿಸುತ್ತದೆ. ಈ ಜೋಡಕವನ್ನು ಅನಗತ್ಯವೆಂದು ತೆಗೆದುಹಾಕುವ ತಂತ್ರಾಂಶದಲ್ಲಿ ಪದದ ರೂಪ ಕೆಡುತ್ತದೆ.

(ಈ) ಅಕ್ಷರಶೈಲಿಯ ದೋಷ: ಒಂದು ಅಕ್ಷರಶೈಲಿಯಲ್ಲಿ ತಪ್ಪಾಗಿ ಕಂಡ ಅಕ್ಷರವು ಮತ್ತೊಂದರಲ್ಲಿ ಸರಿಯಾಗಿ ಕಂಡಲ್ಲಿ ದೋಷವು ಅಕ್ಷರಶೈಲಿಯಲ್ಲಿರುವ ಸಂಭವ ಹೆಚ್ಚು.

(ಉ) ಅನುವಾದದ ದೋಷ: ಅರ್ಜಿ ನಮೂನೆಯ ಸೂಚನೆ ಅಥವಾ ಗುಂಡಿಯ ಮೇಲಿನ ಕನ್ನಡ ಪದವು ತಪ್ಪು ಅರ್ಥ ನೀಡುವುದು.

5. ದೋಷವನ್ನು ವರದಿ ಮಾಡುವ ಕ್ರಮ

ಉದಾಹರಣೆಗಾಗಿ, ಅಬ್ಬೆತುಮಕೂರಿನ ಭೀಮರಾಯ ಎಂಬುವರ ಮಗಳು ವಿದ್ಯಾರ್ಥಿ ವೇತನಕ್ಕೆ ಅರ್ಜಿ ಸಲ್ಲಿಸಿದ್ದು, ತಂದೆಯ ಹೆಸರನ್ನು ಟೈಪ್ ಮಾಡಿ ಹುಡುಕಿದಾಗ ದಾಖಲೆ ಲಭ್ಯವಿಲ್ಲವೆಂಬ ಉತ್ತರ ಬಂದಿದೆ ಎಂದಿಟ್ಟುಕೊಳ್ಳಬಹುದು. ದಾಖಲೆಯಲ್ಲಿ ಹೆಸರಿದೆ; ತೆರೆಯ ಮೇಲೆ ಕಾಣುತ್ತಲೂ ಇದೆ. ಇದು ಮೇಲಿನ (ಆ) ಬಗೆಯ ದೋಷ. ಹುಡುಕಾಟದ ಭಾಗವು ಮುಕ್ತ ತಂತ್ರಾಂಶವಾಗಿದ್ದಲ್ಲಿ ಅದರ ಯೋಜನೆಗೆ ವರದಿ ಸಲ್ಲಿಸಬಹುದು. ವರದಿಯಲ್ಲಿ ಈ ಕೆಳಕಂಡ ಅಂಶಗಳಿರಬೇಕು.

(ಅ) ತಂತ್ರಾಂಶದ ಹೆಸರು ಮತ್ತು ಆವೃತ್ತಿ ಸಂಖ್ಯೆ. ಗಣಕ ಅಥವಾ ಮೊಬೈಲ್‌ನ ಕಾರ್ಯಾಚರಣಾ ವ್ಯವಸ್ಥೆ.
(ಆ) ದೋಷ ಮರುಕಳಿಸುವಂತೆ ಮಾಡಲು ಅನುಸರಿಸಬೇಕಾದ ಹೆಜ್ಜೆಗಳು, ಕ್ರಮವಾಗಿ.
(ಇ) ನಿರೀಕ್ಷಿತ ಫಲಿತಾಂಶ ಹಾಗೂ ದೊರೆತ ಫಲಿತಾಂಶ.
(ಈ) ಪದವನ್ನು ಚಿತ್ರವಾಗಿ ಮಾತ್ರವಲ್ಲದೆ ಪಠ್ಯವಾಗಿಯೂ ನೀಡುವುದು. ಚಿತ್ರದಿಂದ ಸಂಕೇತಗಳ ಕ್ರಮ ತಿಳಿಯುವುದಿಲ್ಲ.
(ಉ) ಕನ್ನಡವನ್ನರಿಯದ ನಿರ್ವಾಹಕರಿಗೂ ಅರ್ಥವಾಗುವಂತೆ ಸರಿಯಾದ ರೂಪ ಯಾವುದು, ಏಕೆ ಎಂಬ ವಿವರಣೆ.

ಅದೇ ದೋಷವನ್ನು ಬೇರೆಯವರು ಈಗಾಗಲೇ ವರದಿ ಮಾಡಿದ್ದಾರೆಯೇ ಎಂಬುದನ್ನು ಮೊದಲು ಹುಡುಕಿ ನೋಡಬೇಕು. ಮಾಡಿದ್ದಲ್ಲಿ ಅದಕ್ಕೇ ಹೆಚ್ಚಿನ ವಿವರ ಸೇರಿಸುವುದು ಒಳಿತು. ಹೊಸ ವರದಿಗೆ ಒಂದು ಸಂಖ್ಯೆ ದೊರೆಯುತ್ತದೆ. ಸಕಾಲ ಸ್ವೀಕೃತಿಯ ಸಂಖ್ಯೆಯಂತೆ ಇದನ್ನೂ ಮುಂದಿನ ಪತ್ರವ್ಯವಹಾರದಲ್ಲಿ ನಮೂದಿಸಬೇಕು.

ವಿಶೇಷ ಎಚ್ಚರಿಕೆ: ಈ ವರದಿಗಳು ಸಾರ್ವಜನಿಕವಾಗಿರುತ್ತವೆ. ಆಧಾರ್ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ, ಮೊಬೈಲ್ ಸಂಖ್ಯೆ ಅಥವಾ ಯಾರದೇ ಪ್ರಮಾಣ ಪತ್ರದ ಪ್ರತಿಯನ್ನು ಅವುಗಳಿಗೆ ಲಗತ್ತಿಸಬಾರದು. ಒಮ್ಮೆ ಪ್ರಕಟವಾದುದು ಹಲವರ ಪ್ರತಿಗಳಲ್ಲಿ ಉಳಿಯುವುದರಿಂದ ನಂತರ ಅಳಿಸಿದರೂ ಪ್ರಯೋಜನವಾಗದು. ದೋಷವನ್ನು ತೋರಿಸಲು ಕಾಲ್ಪನಿಕ ಹೆಸರೊಂದು ಸಾಕು. ಇತರರ ಮಾಹಿತಿಯನ್ನು ಕದಿಯಲು ಎಡೆಮಾಡಿಕೊಡುವ ಭದ್ರತಾ ಲೋಪ ಕಂಡುಬಂದಲ್ಲಿ ಅದನ್ನು ಸಾರ್ವಜನಿಕವಾಗಿ ಬರೆಯದೆ, ಯೋಜನೆಯು ಸೂಚಿಸಿರುವ ಖಾಸಗಿ ವಿಳಾಸಕ್ಕೆ ಮಾತ್ರ ತಿಳಿಸಬೇಕು.

6. ತಿದ್ದುಪಡಿಯನ್ನು ಸಿದ್ಧಪಡಿಸುವ ಕ್ರಮ

ಸಂಕೇತ ಬರೆಯಬಲ್ಲವರು ತಿದ್ದುಪಡಿಯನ್ನೂ ಸಲ್ಲಿಸಬಹುದು. ಬಹುತೇಕ ಯೋಜನೆಗಳು 2005ರಲ್ಲಿ ಬಳಕೆಗೆ ಬಂದ ಗಿಟ್ ಎಂಬ ವ್ಯವಸ್ಥೆಯಲ್ಲಿ ಆಕರ ಸಂಕೇತದ ಪೂರ್ಣ ಇತಿಹಾಸವನ್ನು ಇರಿಸುತ್ತವೆ. ಹಂತಗಳು ಈ ಕೆಳಕಂಡಂತಿವೆ.

ಮೊದಲನೆಯದಾಗಿ, ಕೊಡುಗೆದಾರರಿಗಾಗಿ ಯೋಜನೆಯು ನೀಡಿರುವ ಸೂಚನೆಗಳನ್ನೂ ಪರವಾನಗಿಯನ್ನೂ ಓದಬೇಕು. ಎರಡನೆಯದಾಗಿ, ಆಕರ ಸಂಕೇತದ ಸ್ವಂತ ಪ್ರತಿಯನ್ನು ಪಡೆದು, ಈ ಒಂದು ತಿದ್ದುಪಡಿಗಾಗಿ ಪ್ರತ್ಯೇಕ ಕವಲನ್ನು ತೆರೆಯಬೇಕು. ಮೂರನೆಯದಾಗಿ, ದೋಷವನ್ನು ತೋರಿಸುವ ಪರೀಕ್ಷೆಯೊಂದನ್ನು ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಎರಡೂ ಕ್ರಮಗಳಲ್ಲಿ ಬರೆದ ‘ಭೀಮರಾಯ’ ಹೆಸರುಗಳು ತಾಳೆಯಾಗಬೇಕೆಂಬುದೇ ಆ ಪರೀಕ್ಷೆ. ತಿದ್ದುಪಡಿಗೆ ಮುನ್ನ ಇದು ವಿಫಲವಾಗಬೇಕು; ನಂತರ ಯಶಸ್ವಿಯಾಗಬೇಕು. ನಾಲ್ಕನೆಯದಾಗಿ, ಅಗತ್ಯವಿರುವಷ್ಟೇ ಸಾಲುಗಳನ್ನು ಬದಲಾಯಿಸಬೇಕು. ಕಂಡ ಬೇರೆ ದೋಷಗಳನ್ನು ಇದರೊಂದಿಗೆ ಬೆರೆಸಬಾರದು. ಒಂದೇ ಚೀಟಿಯಲ್ಲಿ ಹತ್ತು ಬಾಬ್ತುಗಳ ಖರ್ಚು ತೋರಿಸಿದರೆ ತಪಾಸಣೆ ಹೇಗೆ ಕಠಿಣವಾಗುವುದೋ ಇದೂ ಹಾಗೆಯೇ.

ಕೊನೆಯದಾಗಿ, ಬದಲಾವಣೆಯ ಜೊತೆಗೆ ಅದರ ಕಾರಣವನ್ನು ಬರೆಯಬೇಕು. ‘ಹುಡುಕಾಟ ಸರಿಪಡಿಸಲಾಗಿದೆ’ ಎಂಬ ಟಿಪ್ಪಣಿ ಸಾಲದು. ಯಾವ ಸಂದರ್ಭದಲ್ಲಿ ಯಾವ ಹೆಸರು ಸಿಗುತ್ತಿರಲಿಲ್ಲ, ಕಾರಣವೇನು, ಏನನ್ನು ಬದಲಾಯಿಸಲಾಗಿದೆ ಎಂಬುದು ಐದು ವರ್ಷಗಳ ನಂತರ ಓದುವವರಿಗೂ ತಿಳಿಯುವಂತಿರಬೇಕು.

ಈ ಕೃತಿಯನ್ನು ಸಲ್ಲಿಸಲು ತಮಗೆ ಹಕ್ಕಿದೆಯೆಂದು ದೃಢೀಕರಿಸುವಂತೆ ಹಲವು ಯೋಜನೆಗಳು ಕೇಳುತ್ತವೆ. ಲಿನಕ್ಸ್ ಕರ್ನೆಲ್ ಯೋಜನೆಯು 2004ರಲ್ಲಿ ಇಂತಹ ಘೋಷಣೆಯನ್ನು ಜಾರಿಗೆ ತಂದಿತು. ಉದ್ಯೋಗದ ಭಾಗವಾಗಿ ಬರೆದ ಸಂಕೇತದ ಹಕ್ಕು ಸಾಮಾನ್ಯವಾಗಿ ಉದ್ಯೋಗದಾತರದಾಗಿರುವುದರಿಂದ ಉದ್ಯೋಗಿಗಳು ಪೂರ್ವಾನುಮತಿ ಪಡೆಯಬೇಕು.

7. ಪರಿಶೀಲನೆ

ಸಲ್ಲಿಸಿದ ತಿದ್ದುಪಡಿಯನ್ನು ಯೋಜನೆಯ ನಿರ್ವಾಹಕರು ಓದಿ, ಪ್ರಶ್ನೆ ಕೇಳಿ, ಬದಲಾವಣೆ ಸೂಚಿಸಿ, ಒಪ್ಪಿಗೆಯಾದ ಬಳಿಕ ಮುಖ್ಯ ಪ್ರತಿಯಲ್ಲಿ ವಿಲೀನಗೊಳಿಸುತ್ತಾರೆ. ಆಕ್ಷೇಪಣೆಯನ್ನು ತಿರಸ್ಕಾರವೆಂದು ಭಾವಿಸಬಾರದು.

ಭೀಮರಾಯರ ಉದಾಹರಣೆಯಲ್ಲಿ ತಿದ್ದುಪಡಿ ಸಿದ್ಧಪಡಿಸಿದವರು ದಾಖಲೆಯಲ್ಲಿರುವ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ಬದಲಾಯಿಸಿದ್ದಾರೆಂದು ಭಾವಿಸಬಹುದು. ನಿರ್ವಾಹಕರು ಇದಕ್ಕೆ ಒಪ್ಪದಿರಲು ನ್ಯಾಯವಾದ ಕಾರಣವಿದೆ. ಸಹಿಯಾಗಿರುವ ಮೂಲ ದಾಖಲೆಯನ್ನು ಮುಟ್ಟಬಾರದು. ಹೋಲಿಸುವ ಕ್ಷಣದಲ್ಲಿ ಮಾತ್ರ ಎರಡೂ ಹೆಸರುಗಳನ್ನು ಒಂದೇ ರೂಪಕ್ಕೆ ತಂದರೆ ಸಾಕು. ಸೊನ್ನೆ ಮತ್ತು ಅನುಸ್ವಾರದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸೊನ್ನೆಗಳೆಲ್ಲವನ್ನೂ ಅನುಸ್ವಾರವಾಗಿ ಬದಲಾಯಿಸಿದರೆ ಕನ್ನಡ ಅಂಕಿಗಳಲ್ಲಿ ಬರೆದ ಸರ್ವೆ ನಂಬರ್‌ಗಳು ಕೆಡುತ್ತವೆ.

ಹೆಸರುಗಳ ಸಗಟು ಬದಲಾವಣೆಯ ಅಪಾಯಕ್ಕೆ ಮತ್ತೊಂದು ಉದಾಹರಣೆಯನ್ನು ನೀಡಬಹುದು. ರಾಜ್ಯದ 12 ನಗರಗಳ ಹೆಸರುಗಳನ್ನು 2014ರ ನವೆಂಬರ್ 1ರಿಂದ ಬದಲಾಯಿಸಿದಾಗ ರೋಮನ್ ಲಿಪಿಯಲ್ಲಿ ‘ತುಮ್ಕೂರ್’ ಎಂದಿದ್ದುದು ‘ತುಮಕೂರು’ ಎಂದಾಯಿತು. ಆ ನಗರವನ್ನಷ್ಟೇ ಮನಸ್ಸಿನಲ್ಲಿಟ್ಟು ದತ್ತಾಂಶದಲ್ಲಿ ಎಲ್ಲೆಡೆ ಪದವನ್ನು ಬದಲಾಯಿಸುವವರು, ನೂರಾರು ಕಿಲೋಮೀಟರ್ ದೂರದ ಅಬ್ಬೆತುಮಕೂರಿನ ಹೆಸರನ್ನೂ ಅರಿವಿಲ್ಲದೆ ಬದಲಾಯಿಸಬಹುದು. ಈ ಗ್ರಾಮದ ಹೆಸರನ್ನು ರೋಮನ್ ಲಿಪಿಯಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯುವ ರೂಢಿಯಿರುವುದರಿಂದ ಒಂದು ದಾಖಲೆಯಲ್ಲಿ ಬದಲಾಗಿ ಮತ್ತೊಂದರಲ್ಲಿ ಉಳಿಯುವುದೂ ಸಾಧ್ಯ. ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದುದರಿಂದ ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಹಳೆಯ ಜಿಲ್ಲೆಯ ಹೆಸರೇ ಸರಿ. ಸುರಪುರವನ್ನು ಶೋರಾಪುರವೆಂದೂ ಬರೆಯುವ ರೂಢಿಯಿದೆ. ಸ್ಥಳವನ್ನು ಬಲ್ಲವರು ಪರಿಶೀಲನೆಯಲ್ಲಿ ಭಾಗವಹಿಸಿದಾಗ ಮಾತ್ರ ಇಂತಹ ವಿಷಯಗಳು ಬೆಳಕಿಗೆ ಬರುತ್ತವೆ.

ಪರಿಶೀಲನೆಯಲ್ಲಿ ತಪ್ಪಿದ ದೋಷವು ಬಿಡುಗಡೆಯ ನಂತರ ಶಾಶ್ವತವಾಗಿ ಉಳಿಯಬಹುದೆಂಬುದಕ್ಕೆ ಹಳಗನ್ನಡದ ‘ೞ’ ಅಕ್ಷರವೇ ಸಾಕ್ಷಿ. ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂಬರ್ಥದ ತಪ್ಪು ಹೆಸರು ನಮೂದಾಯಿತು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಅದು ಇಂದಿಗೂ ಹಾಗೆಯೇ ಇದ್ದು, ಸರಿಯಾದ ಹೆಸರನ್ನು ಪರ್ಯಾಯ ನಾಮವಾಗಿ ಮಾತ್ರ ಸೇರಿಸಲಾಗಿದೆ.

8. ಬಿಡುಗಡೆ

ವಿಲೀನಗೊಂಡ ತಿದ್ದುಪಡಿಯು ಕೂಡಲೇ ಬಳಕೆದಾರರಿಗೆ ದೊರೆಯುವುದಿಲ್ಲ. ನಿರ್ವಾಹಕರು ಸೂಕ್ತ ಸಮಯದಲ್ಲಿ ತಿದ್ದುಪಡಿಗಳನ್ನು ಒಟ್ಟುಗೂಡಿಸಿ, ಸಂಖ್ಯೆ ನೀಡಿ ಪ್ರಕಟಿಸುವುದೇ ಬಿಡುಗಡೆ.

ಆವೃತ್ತಿ ಸಂಖ್ಯೆ: ಅನೇಕ ಯೋಜನೆಗಳು 2.4.1 ಎಂಬಂತೆ ಮೂರು ಅಂಕಿಗಳನ್ನು ಬಳಸುತ್ತವೆ. ಕೊನೆಯ ಅಂಕಿ ಹೆಚ್ಚಿದಲ್ಲಿ ದೋಷ ನಿವಾರಣೆ, ನಡುವಿನ ಅಂಕಿ ಹೆಚ್ಚಿದಲ್ಲಿ ಹೊಸ ಸೌಲಭ್ಯ, ಮೊದಲ ಅಂಕಿ ಹೆಚ್ಚಿದಲ್ಲಿ ಹಳೆಯದರೊಂದಿಗೆ ಹೊಂದದ ಬದಲಾವಣೆ ಎಂದರ್ಥ. ಒಮ್ಮೆ ನೀಡಿದ ಸಂಖ್ಯೆಯಡಿ ಬೇರೆ ಕಡತವನ್ನು ಮತ್ತೆ ನೀಡಬಾರದು. ತಪ್ಪಿದ್ದಲ್ಲಿ ಮುಂದಿನ ಸಂಖ್ಯೆಯನ್ನೇ ಹೊರಡಿಸಬೇಕು.

ಸ್ತಂಭನ ಅವಧಿ: ಬಿಡುಗಡೆಗೆ ಕೆಲವು ವಾರಗಳ ಮುನ್ನ ಹೊಸ ಬದಲಾವಣೆಗಳನ್ನು ನಿಲ್ಲಿಸಲಾಗುತ್ತದೆ. ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಹೊಸ ಆವೃತ್ತಿ ಹೊರತರುವ ಗ್ನೋಮ್ ಯೋಜನೆಯು ತೆರೆಯ ಮೇಲಿನ ಪದಗಳನ್ನೂ ಸ್ತಂಭನಗೊಳಿಸುತ್ತದೆ. ಅನುವಾದಕರಿಗೆ ಕಾಲಾವಕಾಶ ದೊರೆಯಲೆಂಬುದು ಇದರ ಉದ್ದೇಶ. ಈ ಅವಧಿಯಲ್ಲಿ ಪ್ರಾಯೋಗಿಕ ಆವೃತ್ತಿಯನ್ನು ಬಳಸಿ ನೋಡಿ ಲೋಪಗಳನ್ನು ತಿಳಿಸುವುದೂ ಒಂದು ಸೇವೆಯೇ.

ಬಿಡುಗಡೆ ಟಿಪ್ಪಣಿ: ಏನು ಬದಲಾಯಿತು, ಯಾವ ದೋಷ ನಿವಾರಣೆಯಾಯಿತು, ಕೊಡುಗೆ ನೀಡಿದವರು ಯಾರು ಎಂಬುದನ್ನು ಇದು ತಿಳಿಸುತ್ತದೆ.

ಸಹಿ ಮತ್ತು ತಾಳೆ ಸಂಖ್ಯೆ: ಕಡತವು ನಿರ್ವಾಹಕರಿಂದಲೇ ಬಂದಿದೆಯೆಂದು ಡಿಜಿಟಲ್ ಸಹಿಯೂ, ನಡುವೆ ಬದಲಾಗಿಲ್ಲವೆಂದು ತಾಳೆ ಸಂಖ್ಯೆಯೂ ತೋರಿಸುತ್ತವೆ. ಆದರೆ ಸಹಿಯೊಂದೇ ಸಾಲದೆಂಬುದು 2024ರ ಮಾರ್ಚ್ 29ರಂದು ಬಹಿರಂಗವಾದ ಎಕ್ಸ್‌ಝಡ್ ಪ್ರಕರಣದಿಂದ ತಿಳಿಯಿತು. ಸುಮಾರು ಎರಡು ವರ್ಷಗಳ ಕಾಲ ಕೊಡುಗೆ ನೀಡಿ ವಿಶ್ವಾಸ ಗಳಿಸಿದ ಒಬ್ಬರು ಈ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯನ್ನು ಅಡಗಿಸಿದ್ದರು. ಅದನ್ನು ಚಾಲನೆಗೊಳಿಸುವ ಭಾಗವು ಬಿಡುಗಡೆಯ ಕಡತದಲ್ಲಿ ಮಾತ್ರವಿದ್ದು, ಸಾರ್ವಜನಿಕ ಆಕರ ಸಂಕೇತದಲ್ಲಿ ಇರಲಿಲ್ಲ. ದೂರದ ಗಣಕಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿರುವುದನ್ನು ಗಮನಿಸಿದ ಇಂಜಿನಿಯರೊಬ್ಬರು ಕಾರಣ ಹುಡುಕಿದಾಗ ಇದು ಪತ್ತೆಯಾಯಿತು. ಸಂಕೇತ ತೆರೆದಿರುವುದರ ಜೊತೆಗೆ ಅದನ್ನು ಓದುವವರೂ ಇರಬೇಕೆಂಬುದು ಇದರಿಂದ ಸ್ಪಷ್ಟ.

9. ಬಳಕೆದಾರರಿಗೆ ತಲುಪುವುದು

ಬಿಡುಗಡೆಯಾದ ಆವೃತ್ತಿಯನ್ನು ಡೆಬಿಯನ್, ಫೆಡೋರಾ, ಉಬುಂಟು ಮುಂತಾದ ವಿತರಣೆಗಳು ತಮ್ಮ ಭಂಡಾರಕ್ಕೆ ಸೇರಿಸಿಕೊಳ್ಳುತ್ತವೆ. ಆ ಬಳಿಕ ಕಚೇರಿ ಹಾಗೂ ಮನೆಯ ಗಣಕಗಳಲ್ಲಿ ಅದನ್ನು ಅಳವಡಿಸಲಾಗುತ್ತದೆ. ಹಳೆಯ ಆವೃತ್ತಿಯನ್ನೇ ಬಳಸುತ್ತಿರುವ ಗಣಕದಲ್ಲಿ ನಿವಾರಣೆಯಾದ ದೋಷವೂ ಕಾಣುತ್ತಲೇ ಇರುತ್ತದೆ. ಉದಾಹರಣೆಗೆ, ನಕಾರ ಪೊಲ್ಲು ಎಂಬ ಹಳೆಯ ಕನ್ನಡ ಅಕ್ಷರವು 2021ರ ಯುನಿಕೋಡ್ 14.0 ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಅಂದಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಆ ಸ್ಥಾನಕ್ಕೆ ಆಕಾರವಿಲ್ಲದ ಕಾರಣ ಖಾಲಿ ಚೌಕ ಕಾಣುತ್ತದೆ. ಆದ್ದರಿಂದ ದೋಷ ವರದಿ ಮಾಡುವ ಮುನ್ನ ಇತ್ತೀಚಿನ ಆವೃತ್ತಿಯಲ್ಲಿ ಒಮ್ಮೆ ಪರೀಕ್ಷಿಸುವುದು ಸೂಕ್ತ.

10. ಸಂಕೇತ ಬರೆಯಲು ಬಾರದವರು ಭಾಗವಹಿಸುವ ಬಗೆ

ಕನ್ನಡ ಚೆನ್ನಾಗಿ ಬಲ್ಲವರ ನೆರವು ಸಂಕೇತ ಬಲ್ಲವರ ನೆರವಿನಷ್ಟೇ ಅಗತ್ಯ.

(ಅ) ಅನುವಾದ: ಗ್ನೋಮ್, ಲಿಬ್ರೆಆಫೀಸ್ ಮುಂತಾದವುಗಳ ಪದಗಳನ್ನು ಕನ್ನಡಕ್ಕೆ ತರುವುದು. ಒಬ್ಬರು ಅನುವಾದಿಸಿದುದನ್ನು ಮತ್ತೊಬ್ಬರು ಪರಿಶೀಲಿಸಿದ ಬಳಿಕವೇ ಸೇರಿಸಲಾಗುತ್ತದೆ.
(ಆ) ಭಾಷಾ ದತ್ತಾಂಶ: ತಿಂಗಳು, ವಾರ, ದೇಶ ಹಾಗೂ ಭಾಷೆಗಳ ಕನ್ನಡ ಹೆಸರುಗಳನ್ನು ಯುನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಯೋಜನೆಯು ಸಂಗ್ರಹಿಸಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ ಬಿಡುಗಡೆ ಮಾಡುತ್ತದೆ. ಸೂಚಿತ ಪದಗಳ ಮೇಲೆ ಮತ ನೀಡಿ ಆಯ್ಕೆ ಮಾಡಲಾಗುತ್ತದೆ. ಮೊಬೈಲ್‌ಗಳು ದಿನಾಂಕವನ್ನು ಕನ್ನಡದಲ್ಲಿ ತೋರಿಸಲು ಈ ದತ್ತಾಂಶವನ್ನು ಬಳಸುತ್ತವೆ.
(ಇ) ನಕ್ಷೆ: 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗ್ರಾಮ, ಕೆರೆ, ಶಾಲೆಗಳ ಕನ್ನಡ ಹೆಸರನ್ನು ಸೇರಿಸಬಹುದು. ಹಳೆಯ ಹಾಗೂ ಪರ್ಯಾಯ ಹೆಸರುಗಳಿಗೂ ಪ್ರತ್ಯೇಕ ಸ್ಥಾನವಿದೆ.
(ಈ) ಪರೀಕ್ಷೆ: ತಮ್ಮ ಊರಿನ, ಮನೆತನದ ಹೆಸರುಗಳನ್ನು ಹೊಸ ಅಕ್ಷರಶೈಲಿಯಲ್ಲಿ ಬರೆದು ನೋಡಿ ಲೋಪ ತಿಳಿಸುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಿದ್ದುಪಡಿ ಸಲ್ಲಿಸಲು ಶುಲ್ಕ ಅಥವಾ ವಿದ್ಯಾರ್ಹತೆ ಇದೆಯೇ?
ಉತ್ತರ: ಇಲ್ಲ. ಸಲ್ಲಿಸಿದವರ ಪದವಿಯನ್ನಲ್ಲ, ತಿದ್ದುಪಡಿಯ ಗುಣಮಟ್ಟವನ್ನು ನೋಡಲಾಗುತ್ತದೆ.

ಪ್ರಶ್ನೆ: ಎಷ್ಟು ದಿನಗಳಲ್ಲಿ ಉತ್ತರ ದೊರೆಯುತ್ತದೆ?
ಉತ್ತರ: ನಿಗದಿತ ಕಾಲಮಿತಿ ಇಲ್ಲ. 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯು ಅಧಿಸೂಚಿತ ಸರ್ಕಾರಿ ಸೇವೆಗಳಿಗೆ ಅನ್ವಯಿಸುತ್ತದೆಯೇ ಹೊರತು ಸ್ವಯಂಸೇವಕರಿಗೆ ಅಲ್ಲ. ಕೆಲವು ವಾರಗಳ ನಂತರ ಸೌಜನ್ಯದಿಂದ ನೆನಪಿಸಬಹುದು.

ಪ್ರಶ್ನೆ: ನಿರ್ವಾಹಕರು ಯೋಜನೆಯನ್ನೇ ಕೈಬಿಟ್ಟಲ್ಲಿ ಏನು ಮಾಡಬೇಕು?
ಉತ್ತರ: ಪರವಾನಗಿಯ ಅನ್ವಯ ಇತರರು ಅದನ್ನು ಬೇರೆ ಹೆಸರಿನಲ್ಲಿ ಮುಂದುವರಿಸಬಹುದು. 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಲಿಬ್ರೆಆಫೀಸ್ ಆರಂಭವಾದುದು ಈ ಹಕ್ಕಿನ ಬಲದಿಂದಲೇ.

ಪ್ರಶ್ನೆ: ತಂತ್ರಾಂಶ ಸರಿಯಾಗುವವರೆಗೆ ಪ್ರಮಾಣ ಪತ್ರಕ್ಕಾಗಿ ಕಾಯಬೇಕೇ?
ಉತ್ತರ: ಕಾಯಬೇಕಿಲ್ಲ. ಪ್ರಮಾಣ ಪತ್ರದಲ್ಲಿನ ಹೆಸರಿನ ತಿದ್ದುಪಡಿಗೆ ಅದನ್ನು ನೀಡಿದ ಕಚೇರಿಗೆ ಪೂರಕ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು. ಎರಡೂ ಕೆಲಸಗಳನ್ನು ಏಕಕಾಲಕ್ಕೆ ಕೈಗೊಳ್ಳಬಹುದು.

12. ಮುಖ್ಯ ಸೂಚನೆ

ತಂತ್ರಾಂಶದ ಯೋಜನೆಗೆ ಸಲ್ಲಿಸಿದ ವರದಿಯು ಸರ್ಕಾರಿ ಕಚೇರಿಗೆ ಸಲ್ಲಿಸಿದ ಅರ್ಜಿಯೆಂದು ಪರಿಗಣಿತವಾಗುವುದಿಲ್ಲ. ಕಚೇರಿಯಲ್ಲಿ ಮಾಡಿಸಿದ ತಿದ್ದುಪಡಿಯು ಆ ಅರ್ಜಿದಾರರೊಬ್ಬರ ದಾಖಲೆಯನ್ನು ಸರಿಪಡಿಸುತ್ತದೆ. ಆಕರ ಸಂಕೇತದಲ್ಲಿ ಆದ ತಿದ್ದುಪಡಿಯು ಬಿಡುಗಡೆಯಾಗಿ ತಲುಪಿದ ನಂತರ, ಅದೇ ಹೆಸರಿನ ಎಲ್ಲ ಭೀಮರಾಯರ ಮಕ್ಕಳಿಗೂ ದಾಖಲೆ ಮೊದಲ ಹುಡುಕಾಟದಲ್ಲಿಯೇ ದೊರೆಯುವಂತೆ ಮಾಡುತ್ತದೆ. ಆದಕಾರಣ ಸಾರ್ವಜನಿಕರು ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದಾಗ ಅದರ ಮೂಲವನ್ನು ಪರಿಶೀಲಿಸಿ, ತಂತ್ರಾಂಶದ ದೋಷವಾಗಿದ್ದಲ್ಲಿ ಪಠ್ಯ, ಆವೃತ್ತಿ ಸಂಖ್ಯೆ ಹಾಗೂ ಹೆಜ್ಜೆಗಳ ವಿವರದೊಂದಿಗೆ ವರದಿ ಮಾಡುವುದು ಅಪೇಕ್ಷಣೀಯ.